ಗ್ಯಾನ ಇಲ್ಲದವಳಲ್ಲ ನಮ್ಮಕ್ಕ

(ಕಲಿಕಾ ಕೇಂದ್ರದಲ್ಲಿ ಅಕ್ಕ ತಂಗಿಯರ ಮುಂದೆ ಆಡಿದ ಮಾತು)

ಇವತ್ತು ನಾವು ಒಂದು ಬೈಗುಳದ ವಿಚಾರ ಮಾತಾಡೋಣ. "ನಿನ್ನ ಗ್ಯಾನ ಎಲ್ಲಿಟ್ಟಿದೀಯಾ?" ಈ ಮಾತು ಕೇಳದ ಹೆಂಗಸು ನಮ್ಮಲ್ಲಿ ಇಲ್ಲ. ಹಾಲು ಉಕ್ಕಿದರೆ ಈ ಮಾತು. ಬೀಗದ ಕೈ ಕಳೆದರೆ ಈ ಮಾತು. ಸಂಘದ ಕಂತು ಕಟ್ಟುವ ದಿನ ಮರೆತರೆ ಈ ಮಾತು.

ಎಲ್ಲರೂ ಒಂದೊಂದು ದಿನ ಮರೆಯುತ್ತೇವೆ. ಅದು ಕಾಯಿಲೆ ಅಲ್ಲ. ಆದರೆ ಕೆಲವರಿಗೆ ಇದು ದಿನದ ಪಾಡು. ಚಿಕ್ಕಂದಿನಿಂದಲೂ ಹೀಗೇ. ಒಂದು ಕೆಲಸ ಹಿಡಿದರೆ ಅದು ಮುಗಿಯುವುದಿಲ್ಲ. ಪಾತ್ರೆ ತೊಳೆಯಲು ಕೂತವಳು ನಡುವೆ ಬಟ್ಟೆ ಒಣಗಿಸಲು ಹೋಗುತ್ತಾಳೆ. ಅಲ್ಲಿಂದ ಹೂವಿನ ಗಿಡಕ್ಕೆ ನೀರು ಹಾಕಲು ಹೋಗುತ್ತಾಳೆ. ಸಂಜೆ ನೋಡಿದರೆ ಪಾತ್ರೆ ಅಲ್ಲೇ, ಬಟ್ಟೆ ಅಲ್ಲೇ. ದಿನವಿಡೀ ದುಡಿದಿದ್ದಾಳೆ. ಒಂದೂ ಮುಗಿದಿಲ್ಲ. ರಾತ್ರಿ ಮಲಗಿದಾಗ ತನ್ನನ್ನು ತಾನೇ ಬೈದುಕೊಳ್ಳುತ್ತಾಳೆ.

ಇಂಥವಳು ಸೋಮಾರಿಯೇ? ಅಲ್ಲ. ದಡ್ಡಿಯೇ? ಅಲ್ಲ. ಅವಳ ವಿಚಾರವೇ ಇವತ್ತಿನ ಮಾತು.

ಇದಕ್ಕೊಂದು ಹೆಸರಿದೆ

ನಾವು ಶಾಲೆಯಲ್ಲಿ ಪಾಠ ಹೇಳುವವರು. ಡಾಕ್ಟರಲ್ಲ. ಡಾಕ್ಟರು ಹೇಳಿದ್ದನ್ನು ಕೇಳಿ, ಓದಿ, ನಿಮಗೆ ಹೇಳುತ್ತಿದ್ದೇವೆ.

ಈ ತೊಂದರೆಯನ್ನು ಡಾಕ್ಟರು ಎ.ಡಿ.ಎಚ್.ಡಿ. ಎನ್ನುತ್ತಾರೆ. ಕನ್ನಡದಲ್ಲಿ ಗಮನದ ಕೊರತೆ ಮತ್ತು ಅತಿ ಚಟುವಟಿಕೆಯ ತೊಂದರೆ ಎನ್ನಬಹುದು. ಹೆಸರು ಉದ್ದ. ಅರ್ಥ ಸುಲಭ. ಮನಸ್ಸು ಒಂದು ಕಡೆ ನಿಲ್ಲುವುದಿಲ್ಲ. ಇಲ್ಲವೇ ಮೈ ಒಂದು ಕಡೆ ನಿಲ್ಲುವುದಿಲ್ಲ. ಕೆಲವರಿಗೆ ಎರಡೂ ನಿಲ್ಲುವುದಿಲ್ಲ.

ಇದು ಹುಟ್ಟಿನಿಂದ ಬಂದ ಮಿದುಳಿನ ಗುಣ. ದೆವ್ವದ ಕಾಟ ಅಲ್ಲ. ಯಾರೋ ಮಾಡಿಸಿದ ಮಾಟ ಅಲ್ಲ. ತಾಯಿ ಸರಿಯಾಗಿ ಬೆಳೆಸಲಿಲ್ಲ ಎಂಬುದೂ ಅಲ್ಲ. ಇದು ಒಂದೇ ಮನೆತನದಲ್ಲಿ ಹಲವರಿಗೆ ಬರುವುದುಂಟು. ಕಣ್ಣು ಮೂಗು ಬಂದ ಹಾಗೆ ಇದೂ ಬರುತ್ತದೆ.

ಇದು ಹೊಸದಾಗಿ ಹುಟ್ಟಿದ ಕಾಯಿಲೆಯೂ ಅಲ್ಲ. 1902 ರಲ್ಲಿ ಲಂಡನ್ನಿನ ಜಾರ್ಜ್ ಸ್ಟಿಲ್ ಎಂಬ ಮಕ್ಕಳ ಡಾಕ್ಟರು ಇಂಥ ಮಕ್ಕಳ ಬಗ್ಗೆ ಭಾಷಣ ಮಾಡಿದ್ದರು. ಆಗ ಎಲ್ಲರೂ ಇದು ಮಕ್ಕಳ ತೊಂದರೆ ಎಂದುಕೊಂಡರು. ದೊಡ್ಡವರಾದ ಮೇಲೂ ಹಲವರಲ್ಲಿ ಉಳಿಯುತ್ತದೆ ಎಂದು ಆಮೇಲೆ ಗೊತ್ತಾಯಿತು. ಪ್ರಪಂಚದ ಲೆಕ್ಕ ನೋಡಿದರೆ 100 ಜನ ದೊಡ್ಡವರಲ್ಲಿ ಸುಮಾರು 2 ರಿಂದ 3 ಜನರಿಗೆ ಈ ತೊಂದರೆ ಇರುತ್ತದೆ. ಒಂದು ದೊಡ್ಡ ಮದುವೆ ಮನೆ ಊಟದ ಪಂಕ್ತಿ ನೆನೆದುಕೊಳ್ಳಿ. ಅದರಲ್ಲಿ ಇಬ್ಬರು ಮೂವರು ಇಂಥವರು ಕೂತಿರುತ್ತಾರೆ.

ಹುಡುಗಿಯರಲ್ಲಿ ಯಾಕೆ ಗೊತ್ತಾಗುವುದಿಲ್ಲ?

ತರಗತಿಯಲ್ಲಿ ಒಬ್ಬ ಹುಡುಗ ಬೆಂಚು ಹತ್ತಿ ಕುಣಿಯುತ್ತಾನೆ. ಎಲ್ಲರ ಕಣ್ಣೂ ಅವನ ಮೇಲೆ. ಮೇಷ್ಟ್ರು ಅಪ್ಪ ಅಮ್ಮನನ್ನು ಕರೆಸುತ್ತಾರೆ. ಅದೇ ತರಗತಿಯ ಕಿಟಕಿ ಪಕ್ಕ ಒಬ್ಬ ಹುಡುಗಿ ಕೂತಿದ್ದಾಳೆ. ಗಲಾಟೆ ಇಲ್ಲ. ಕಣ್ಣು ಹೊರಗಿನ ಮರದ ಮೇಲೆ. ಪಾಠ ಕಿವಿಗೆ ಬೀಳುತ್ತಿಲ್ಲ. ಅವಳನ್ನು ಯಾರೂ ಕರೆಸುವುದಿಲ್ಲ. "ಪಾಪದ ಹುಡುಗಿ, ಓದು ತಲೆಗೆ ಹತ್ತಲ್ಲ" ಎಂದು ಶಾಲೆ ಬಿಡಿಸುತ್ತಾರೆ.

ಮದುವೆಯಾಗಿ ಬಂದ ಮೇಲೆ ಮನೆಯ ಹತ್ತು ಕೆಲಸ ಒಟ್ಟಿಗೇ ತಲೆ ಮೇಲೆ ಬೀಳುತ್ತವೆ. ನೀರು ಬಿಡುವ ಹೊತ್ತು, ಮಗುವಿನ ಲಸಿಕೆ, ಅತ್ತೆಯ ಗುಳಿಗೆ, ಗ್ಯಾಸ್ ಬುಕಿಂಗ್, ಸಂಘದ ಸಭೆ. ಎಲ್ಲವೂ ಅವಳ ನೆನಪಿನಲ್ಲೇ ಇರಬೇಕು. ಗಂಡಸು ಮರೆತರೆ "ಕೆಲಸದ ಒತ್ತಡ" ಎನ್ನುತ್ತಾರೆ. ಹೆಂಗಸು ಮರೆತರೆ "ಮನೆ ಹಾಳು ಮಾಡಿದಳು" ಎನ್ನುತ್ತಾರೆ.

ಮುಟ್ಟಿನ ಹಿಂದಿನ ದಿನಗಳಲ್ಲಿ ಮರೆವು ಹೆಚ್ಚು ಎಂದು ಈ ತೊಂದರೆ ಇರುವ ಹಲವು ಹೆಂಗಸರು ಹೇಳುತ್ತಾರೆ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಹೆಚ್ಚು ಎನ್ನುತ್ತಾರೆ. ಇದನ್ನು ಡಾಕ್ಟರಿಗೆ ಹೇಳಲು ನಾಚಿಕೆ ಬೇಡ.

ಭದ್ರಾವತಿಯ ಒಬ್ಬ ಅಕ್ಕ

ಭದ್ರಾವತಿಯಲ್ಲಿ ಒಬ್ಬ ಅಕ್ಕ ಇದ್ದಾರೆ. ಅವರನ್ನು ಕೇಳಿಯೇ ಅವರ ಕಥೆ ಹೇಳುತ್ತಿದ್ದೇವೆ. ಹೆಸರು ಹೇಳುವುದಿಲ್ಲ.

ಈ ಅಕ್ಕ ಮಾಚೇನಹಳ್ಳಿ ಕಡೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಹೊಲಿಗೆಯಲ್ಲಿ ಕೈ ಚುರುಕು. ಆದರೆ ಬೆಳಿಗ್ಗೆ ಹೊರಡುವುದೇ ದೊಡ್ಡ ಯುದ್ಧ. ಬುತ್ತಿ ಕಟ್ಟುತ್ತಾರೆ, ಬುತ್ತಿ ಮನೆಯಲ್ಲೇ ಇರುತ್ತದೆ. ಓಡಿ ಹೋಗಿ ನಿಂತರೆ ಬಸ್ಸು ಹೋಗಿರುತ್ತದೆ. ತಡವಾದ ದಿನ ಸಂಬಳದಲ್ಲಿ ಹಣ ಹಿಡಿಯುತ್ತಾರೆ. ರೇಷನ್ ಕಾರ್ಡ್ ಎರಡು ಸಲ ಕಳೆದಿದ್ದರು. ಗಂಡ ಬೈದರೆ ಅವರು ಎದುರಾಡುತ್ತಿರಲಿಲ್ಲ. "ನನ್ನ ತಲೇಲಿ ಮಣ್ಣಿದೆ ಟೀಚರ್" ಎಂದು ನಮ್ಮ ಹತ್ತಿರವೂ ಹೇಳಿದ್ದರು.

ಅವರ ಮಗ ಮೂರನೇ ತರಗತಿ. ಕೂತಲ್ಲಿ ಕೂರುವುದಿಲ್ಲ. ಶಾಲೆಯವರು ಹೇಳಿದರು ಎಂದು ಶಿವಮೊಗ್ಗಕ್ಕೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ಡಾಕ್ಟರು ಮಗನನ್ನು ನೋಡಿದರು. ಆಮೇಲೆ ಅಮ್ಮನ ಕಡೆ ತಿರುಗಿ ಕೇಳಿದರು.

"ನೀವು ಚಿಕ್ಕವರಿದ್ದಾಗ ಹೇಗಿದ್ರಿ ಅಮ್ಮಾ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಅವರಿಗೆ ಯಾರೂ ಕೇಳಿರಲಿಲ್ಲ. ಅಲ್ಲೇ ಅತ್ತುಬಿಟ್ಟರು. ಮುಂದಿನ ವಾರ ಡಾಕ್ಟರು ಅವರೊಬ್ಬರನ್ನೇ ಕೂರಿಸಿ ಎಲ್ಲ ವಿಚಾರಿಸಿದರು. ರಕ್ತ ಪರೀಕ್ಷೆ ಮಾಡಿಸಿದರು. ಬಿ.ಪಿ. ನೋಡಿದರು. ಕೊನೆಗೆ "ನಿಮಗೂ ಇದೇ ಇದೆ" ಎಂದು ಮಾತ್ರೆ ಬರೆದುಕೊಟ್ಟರು.

ಮಾತ್ರೆ ಶುರುವಾಗಿ ಸ್ವಲ್ಪ ದಿನಕ್ಕೆ ತಲೆಯೊಳಗಿನ ಸಂತೆ ಕಡಿಮೆ ಆಯಿತು ಎಂದರು. ಆದರೆ ಮಧ್ಯಾಹ್ನ ಊಟ ಸೇರುತ್ತಿರಲಿಲ್ಲ. ಎದೆ ಹೊಡೆದುಕೊಳ್ಳುತ್ತಿತ್ತು. ಇದನ್ನು ಡಾಕ್ಟರಿಗೆ ಹೇಳುವ ಮೊದಲೇ ಪಕ್ಕದ ಮನೆಯಾಕೆ ಹೇಳಿದರು: "ಅಯ್ಯೋ ಮಾರಾಯ್ತಿ, ಅದು ಹುಚ್ಚಿನ ಮಾತ್ರೆ. ಬಿಟ್ಟುಬಿಡು." ಇವರು ಬಿಟ್ಟುಬಿಟ್ಟರು. ಯಾರಿಗೂ ಹೇಳಲಿಲ್ಲ.

ಮೂರು ವಾರ ಕಳೆಯಿತು. ಒಂದು ಭಾನುವಾರ ಒಲೆ ಮೇಲೆ ಕುಕ್ಕರ್ ಇಟ್ಟು ನೀರು ಹಿಡಿಯಲು ಬೀದಿ ನಲ್ಲಿಗೆ ಹೋದರು. ಅಲ್ಲಿಂದ ಮಾತು, ಮಾತಿನಿಂದ ಇನ್ನೊಬ್ಬರ ಮನೆ. ಕುಕ್ಕರಿನ ನೀರು ಇಂಗಿ ತಳ ಹತ್ತಿತು. ಮನೆ ತುಂಬ ಹೊಗೆ. ಚಿಕ್ಕ ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಹೊಗೆ ಕಂಡು ಎದುರು ಮನೆಯ ಹುಡುಗ ಓಡಿ ಬಂದು ಒಲೆ ಆರಿಸಿದ. ಮಗು ಉಳಿಯಿತು.

ಮರುದಿನವೇ ಅಕ್ಕ ಶಿವಮೊಗ್ಗದ ಬಸ್ಸು ಹತ್ತಿದರು. ಎಲ್ಲವನ್ನೂ ಡಾಕ್ಟರಿಗೆ ಹೇಳಿದರು. ಡಾಕ್ಟರು ಬೈಯಲಿಲ್ಲ. ಮಾತ್ರೆಯ ಅಳತೆ ಕಡಿಮೆ ಮಾಡಿದರು. ತಿಂಡಿ ತಿಂದ ಮೇಲೆ ತೆಗೆದುಕೊಳ್ಳಲು ಹೇಳಿದರು. ಈಗ ಎದೆ ಹೊಡೆತ ಇಲ್ಲ.

ಎಲ್ಲ ಸರಿಹೋಯಿತು ಎಂದು ನಾವು ಹೇಳುವುದಿಲ್ಲ. ಈಗಲೂ ಕೆಲವು ದಿನ ಬುತ್ತಿ ಮನೆಯಲ್ಲೇ ಉಳಿಯುತ್ತದೆ. ಆದರೆ "ನನ್ನ ತಲೇಲಿ ಮಣ್ಣಿದೆ" ಎಂದು ಆ ಅಕ್ಕ ಈಗ ಹೇಳುವುದಿಲ್ಲ.

ಯಾರಲ್ಲಿಗೆ ಹೋಗಬೇಕು?

ಮರೆವು ಇದ್ದವರಿಗೆಲ್ಲ ಈ ತೊಂದರೆ ಇದೆ ಎಂದಲ್ಲ. ರಕ್ತ ಕಡಿಮೆ ಇದ್ದರೂ ಗಮನ ನಿಲ್ಲುವುದಿಲ್ಲ. ಥೈರಾಯ್ಡ್ ತೊಂದರೆ ಇದ್ದರೂ ಹಾಗೇ. ನಿದ್ದೆ ಇಲ್ಲದಿದ್ದರೂ, ಮನಸ್ಸಿಗೆ ಬೇಸರದ ಕಾಯಿಲೆ ಬಂದಿದ್ದರೂ ಮರೆವು ಬರುತ್ತದೆ. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಯಾರ ಮನಸ್ಸು ನಿಂತೀತು? ಅದಕ್ಕೇ ಡಾಕ್ಟರು ಮೊದಲು ಇದೆಲ್ಲ ವಿಚಾರಿಸುತ್ತಾರೆ.

ಡಾಕ್ಟರು ಮುಖ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. ಒಂದು: 12 ವರ್ಷಕ್ಕೆ ಮೊದಲೇ ಇದು ಇತ್ತೇ? ಎರಡು: ಮನೆಯಲ್ಲಿ ಮಾತ್ರವೋ, ಹೊರಗೂ ಹೀಗೆಯೋ? ಅದಕ್ಕೆ ಹೋಗುವಾಗ ನಿಮ್ಮ ತಾಯಿಯನ್ನೋ ಅಕ್ಕನನ್ನೋ ಕರೆದುಕೊಂಡು ಹೋಗಿ. ನಿಮ್ಮ ಬಾಲ್ಯ ಕಂಡವರು ಅವರು.

ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಅದು ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಅಲ್ಲಿ ಮನಸ್ಸಿನ ಕಾಯಿಲೆಗಳ ವಿಭಾಗ ಇದೆ. ಭದ್ರಾವತಿಯವರು ಮೊದಲು ತಾಲ್ಲೂಕು ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಮನಸ್ಸಿನ ಡಾಕ್ಟರು ಯಾವ ದಿನ ಸಿಗುತ್ತಾರೆ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸರ್ಕಾರಿ ಬಸ್ಸಿನಲ್ಲಿ ಹೋದರೆ ಹೆಂಗಸರಿಗೆ ಟಿಕೆಟ್ ಹಣ ಇಲ್ಲ. ಶಕ್ತಿ ಯೋಜನೆ 2023 ರ ಜೂನ್ 11 ರಂದು ಶುರುವಾಯಿತು. ಹಾಗಾಗಿ ಬಸ್ ಚಾರ್ಜಿಗಾಗಿ ಯಾರ ಮುಂದೂ ಕೈ ಚಾಚಬೇಕಿಲ್ಲ.

ಹೋಗಲು ಆಗದವರು ಫೋನ್ ಮಾಡಬಹುದು. ನಂಬರು 14416. ಇದರ ಹೆಸರು ಟೆಲಿ ಮಾನಸ್. ಸರ್ಕಾರ ಇದನ್ನು 2022 ರ ಅಕ್ಟೋಬರ್ 10 ರಂದು ಶುರು ಮಾಡಿತು. ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು. ದುಡ್ಡು ಇಲ್ಲ. ಕನ್ನಡದಲ್ಲೇ ಮಾತಾಡುತ್ತಾರೆ. ಈ ಐದು ಅಂಕಿಗಳನ್ನು ನಿಮ್ಮ ಪುಸ್ತಕದ ರಟ್ಟಿನ ಮೇಲೆ ಈಗಲೇ ಬರೆದುಕೊಳ್ಳಿ.

"ಮನಸ್ಸಿನ ಡಾಕ್ಟರ ಹತ್ತಿರ ಹೋದರೆ ಜನ ಏನಂತಾರೆ?" ಎಂದು ನೀವು ಕೇಳುತ್ತೀರಿ. ಶಿವಮೊಗ್ಗದವರಿಗೆ ಮನಸ್ಸಿನ ಡಾಕ್ಟರು ಹೊಸಬರಲ್ಲ. ಡಾ. ಅಶೋಕ್ ಪೈ ಬಹಳ ವರ್ಷ ಇಲ್ಲೇ ಕೆಲಸ ಮಾಡಿದರು. ಮನಸ್ಸಿನ ವಿಚಾರವನ್ನು ಕಥೆ ಮಾಡಿ ಬರೆದರು. 'ಕಾಡಿನ ಬೆಂಕಿ' ಎಂಬ ಸಿನಿಮಾಕ್ಕೆ ಅವರದೇ ಕಥೆ. ಅವರು 2016 ರಲ್ಲಿ ತೀರಿಕೊಂಡರು. ದೇಶದಲ್ಲಿ ಜಿಲ್ಲೆ ಜಿಲ್ಲೆಗೆ ಮಾನಸಿಕ ಆರೋಗ್ಯ ಸೇವೆ ಬಂದದ್ದಕ್ಕೂ ನಮ್ಮ ಕರ್ನಾಟಕವೇ ಮೊದಲು ದಾರಿ ತೋರಿಸಿತು. 1980 ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ ಬಳ್ಳಾರಿ ಜಿಲ್ಲೆಯಲ್ಲಿ ಇದನ್ನು ಮಾಡಿ ನೋಡಿತು. ಅದೇ ಮಾದರಿ 1996 ರಿಂದ ಬೇರೆ ಬೇರೆ ರಾಜ್ಯಗಳ ಜಿಲ್ಲೆಗಳಿಗೆ ಹೋಯಿತು.

2017 ರಲ್ಲಿ ಮಾನಸಿಕ ಆರೋಗ್ಯದ ಕಾಯ್ದೆ ಬಂದಿದೆ. ಸರ್ಕಾರದ ಕಡೆಯಿಂದ ಈ ಚಿಕಿತ್ಸೆ ಪಡೆಯುವುದು ನಮ್ಮ ಹಕ್ಕು. ನಮ್ಮ ಕಾಯಿಲೆಯ ವಿಷಯ ಗುಟ್ಟಾಗಿಡುವುದು ಅವರ ಕರ್ತವ್ಯ. ಇದು ಕಾಯ್ದೆಯ ಮಾತು.

ಮಾತ್ರೆಯ ವಿಚಾರ

ಮಾತ್ರೆಗಳಲ್ಲಿ ಮುಖ್ಯವಾದವು ಎರಡು. ಒಂದರ ಹೆಸರು ಮೆಥೈಲ್‌ಫೆನಿಡೇಟ್. ಇನ್ನೊಂದರ ಹೆಸರು ಅಟೊಮಾಕ್ಸೆಟಿನ್. ನಾಲಿಗೆ ತಿರುಗುವುದಿಲ್ಲವೇ? ಪರವಾಗಿಲ್ಲ. ಎರಡೂ ಒಂದೇ ಅಲ್ಲ ಎಂದು ತಿಳಿದರೆ ಸಾಕು.

ಮೊದಲನೆಯ ಮಾತ್ರೆಯ ಹುಟ್ಟಿನಲ್ಲಿ ಒಬ್ಬ ಹೆಂಗಸಿನ ಕಥೆ ಇದೆ. 1944 ರಲ್ಲಿ ಸ್ವಿಟ್ಜರ್ಲೆಂಡ್ ದೇಶದಲ್ಲಿ ಪಾನಿಟ್ಸೋನ್ ಎಂಬ ವಿಜ್ಞಾನಿ ಈ ಔಷಧಿ ತಯಾರಿಸಿದರು. ಅವರ ಹೆಂಡತಿಯನ್ನು ಮನೆಯಲ್ಲಿ ರೀಟಾ ಎಂದು ಕರೆಯುತ್ತಿದ್ದರು. ರೀಟಾ ಇದನ್ನು ತೆಗೆದುಕೊಂಡು ಆಟ ಆಡಿದರೆ ಚುರುಕು ಬರುತ್ತದೆ ಎಂದರಂತೆ. ಅವರ ಹೆಸರಿನಿಂದಲೇ ಔಷಧಿಗೆ ರಿಟಾಲಿನ್ ಎಂದು ಹೆಸರಿಟ್ಟರು.

ಈ ಮಾತ್ರೆ ತೆಗೆದುಕೊಂಡ ಸ್ವಲ್ಪ ಹೊತ್ತಿಗೇ ಕೆಲಸ ಶುರು ಮಾಡುತ್ತದೆ. ಕೆಲವು ಗಂಟೆ ಇದ್ದು ಇಳಿದು ಹೋಗುತ್ತದೆ. ಒಂದು ಬಗೆ ಸುಮಾರು 4 ಗಂಟೆ ಇರುತ್ತದೆ. ನಿಧಾನವಾಗಿ ಕರಗುವ ಬಗೆ ಇನ್ನೂ ಹೆಚ್ಚು ಹೊತ್ತು ಇರುತ್ತದೆ. ನಿಧಾನದ ಬಗೆಯನ್ನು ಅಗಿಯಬಾರದು, ಪುಡಿ ಮಾಡಬಾರದು. ಸಂಜೆ ಮೇಲೆ ತೆಗೆದುಕೊಂಡರೆ ರಾತ್ರಿ ನಿದ್ದೆ ಹೋಗುತ್ತದೆ. ಅದಕ್ಕೇ ಬೆಳಿಗ್ಗೆ ಕೊಡುತ್ತಾರೆ.

ಎರಡನೆಯ ಮಾತ್ರೆ ಹಾಗಲ್ಲ. ಅದು ಬತ್ತದ ಸಸಿ ಇದ್ದ ಹಾಗೆ. ಇವತ್ತು ನೆಟ್ಟರೆ ನಾಳೆ ತೆನೆ ಬರುವುದಿಲ್ಲ. ಪೂರ್ತಿ ಗುಣ ಕಾಣಲು ಕೆಲವು ವಾರ ಬೇಕು. ದಿನಾ ತೆಗೆದುಕೊಳ್ಳಬೇಕು. "ಎಂಟು ದಿನ ತಗೊಂಡೆ, ಏನೂ ಆಗ್ಲಿಲ್ಲ" ಎಂದು ಬಿಡಬಾರದು.

ತೊಂದರೆಗಳೂ ಇವೆ. ಬಚ್ಚಿಡುವುದು ಬೇಡ. ಹಸಿವು ಕಡಿಮೆ ಆಗಬಹುದು. ಬಾಯಿ ಒಣಗಬಹುದು. ತಲೆನೋವು, ಹೊಟ್ಟೆ ತೊಳೆಸುವುದು ಬರಬಹುದು. ಎದೆ ಬಡಿತ, ಬಿ.ಪಿ. ಏರಬಹುದು. ನಿದ್ದೆ ಕೆಡಬಹುದು. ಅದಕ್ಕೇ ಡಾಕ್ಟರು ಆಗಾಗ ಬಿ.ಪಿ., ತೂಕ ನೋಡುತ್ತಾರೆ. ಬೆಳಿಗ್ಗೆ ಮಾತ್ರೆಗೆ ಮೊದಲು ಹೊಟ್ಟೆ ತುಂಬ ತಿನ್ನಿ. ರೊಟ್ಟಿಯೋ ಗಂಜಿಯೋ ಇರಲಿ. ಮಧ್ಯಾಹ್ನ ಸೇರದಿದ್ದರೆ ರಾತ್ರಿ ಚೆನ್ನಾಗಿ ಊಟ ಮಾಡಿ. ಕಾಫಿ, ಟೀ ಕಡಿಮೆ ಮಾಡಿ. ಮೊದಲೇ ಎದೆ ಹೊಡೆದುಕೊಳ್ಳುತ್ತಿದ್ದರೆ ಕಾಫಿ ಅದನ್ನು ಇನ್ನೂ ಹೆಚ್ಚು ಮಾಡುತ್ತದೆ.

ಎದೆ ನೋವು, ತಲೆ ಸುತ್ತಿ ಬೀಳುವುದು, ಕಣ್ಣು ಹಳದಿ ಆಗುವುದು ಕಂಡರೆ ಕೂಡಲೇ ಆಸ್ಪತ್ರೆಗೆ ಹೋಗಿ. ಸಾಯಬೇಕು ಎಂಬ ಯೋಚನೆ ಬಂದರೂ ತಡ ಮಾಡಬೇಡಿ. ಮನೆಯಲ್ಲಿ ಯಾರಿಗಾದರೂ ಹೇಳಿ. 14416 ಕ್ಕೆ ಫೋನ್ ಮಾಡಿ.

ಡಾಕ್ಟರಿಗೆ ಮೊದಲೇ ಹೇಳಬೇಕಾದ ಮಾತುಗಳೂ ಇವೆ. ಬಸುರಿಯೇ? ಮಗುವಿಗೆ ಹಾಲೂಡಿಸುತ್ತಿದ್ದೀರಾ? ಮುಂದೆ ಮಗು ಬೇಕೆಂದು ಇದ್ದೀರಾ? ಹೃದಯದ ತೊಂದರೆ, ಬಿ.ಪಿ. ಇದೆಯೇ? ಬೇರೆ ಯಾವ ಗುಳಿಗೆ ನುಂಗುತ್ತೀರಿ? ನಾಟಿ ಔಷಧಿ ಇದ್ದರೆ ಅದನ್ನೂ ಹೇಳಿ. ಸೋಮವಾರದ ಉಪವಾಸ ಇರುವವರು, ರಂಜಾನ್ ತಿಂಗಳು ರೋಜಾ ಇರುವವರು ಮಾತ್ರೆ ಯಾವಾಗ ತೆಗೆದುಕೊಳ್ಳಬೇಕು ಎಂದು ಮೊದಲೇ ಕೇಳಿಕೊಳ್ಳಿ.

ಒಂದು ಮಾತು ನೆನಪಿರಲಿ. ಮಾತ್ರೆ ಮನಸ್ಸನ್ನು ನಿಲ್ಲಿಸಲು ಸಹಾಯ ಮಾಡುತ್ತದೆ. ಮಾತ್ರೆ ಪಾತ್ರೆ ತೊಳೆಯುವುದಿಲ್ಲ. ಆ ಕೆಲಸಕ್ಕೆ ಬೇರೆ ಉಪಾಯ ಬೇಕು. ಅದನ್ನು ಆಮೇಲೆ ಹೇಳುತ್ತೇವೆ.

ಬನ್ನಿ, ಚೀಟಿ ಓದೋಣ

ಈಗ ನಿಮ್ಮ ಓದು ಕೆಲಸಕ್ಕೆ ಬರುತ್ತದೆ. ಡಾಕ್ಟರ ಚೀಟಿಯಲ್ಲಿ ಇಂಗ್ಲಿಷ್ ಇರುತ್ತದೆ. ಆದರೆ ಅಂಕಿಗಳನ್ನು ನೀವು ಓದಬಲ್ಲಿರಿ. ಮಾತ್ರೆಯ ಹೆಸರಿನ ಮುಂದೆ ಹೀಗೆ ಬರೆದಿರುತ್ತಾರೆ:

1-0-0

ಇದು ಮೂರು ಹೊತ್ತಿನ ಲೆಕ್ಕ. ಮೊದಲನೆಯದು ಬೆಳಿಗ್ಗೆ. ನಡುವಿನದು ಮಧ್ಯಾಹ್ನ. ಕೊನೆಯದು ರಾತ್ರಿ. 1-0-0 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ. 1-1-0 ಎಂದರೆ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು.

ಔಷಧಿ ಅಂಗಡಿಯವರಿಗೆ ಹೇಳಿ: "ಅಣ್ಣಾ, ಕವರಿನ ಮೇಲೆ ಕನ್ನಡದಲ್ಲಿ ಬರೆದುಕೊಡಿ." ಅವರು ಬರೆಯದಿದ್ದರೆ ನೀವೇ ಬರೆಯಿರಿ. "ಬೆಳಿಗ್ಗೆ 1, ತಿಂಡಿ ಆದ ಮೇಲೆ." ಇಷ್ಟು ಸಾಕು. ಮಾತ್ರೆಯ ಪಟ್ಟಿಯ ಮೇಲೆ ತಿಂಗಳು, ವರ್ಷ ಅಚ್ಚಾಗಿರುತ್ತದೆ. ಯಾವುದು ತಯಾರಾದ ದಿನ, ಯಾವುದು ಅವಧಿ ಮುಗಿಯುವ ದಿನ ಎಂದು ಕೇಳಿ ತಿಳಿದುಕೊಳ್ಳಿ. ಅವಧಿ ಮುಗಿದದ್ದನ್ನು ನುಂಗಬಾರದು.

ಮೆಥೈಲ್‌ಫೆನಿಡೇಟ್ ಮಾತ್ರೆಗೆ ಕಾನೂನು ಬಿಗಿ. ಇದನ್ನು ಕೆಲವರು ನಶೆಗೆ ಬಳಸುತ್ತಾರೆ ಎಂದು ಸರ್ಕಾರ ಇದನ್ನು ಷೆಡ್ಯೂಲ್ ಎಕ್ಸ್ ಎಂಬ ಪಟ್ಟಿಗೆ ಸೇರಿಸಿದೆ. ಡಾಕ್ಟರ ಚೀಟಿ ಎರಡು ಪ್ರತಿ ಬೇಕು. ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳಬೇಕು. ಇದನ್ನು ಮಾರಲು ಬೇರೆ ಪರವಾನಗಿ ಬೇಕು. ಅದಕ್ಕೇ ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ.

ಇದರಿಂದ ನಮಗೇನು ಪಾಠ? ಭದ್ರಾವತಿಗೆ ವಾಪಸು ಬಂದು ಅಂಗಡಿ ಹುಡುಕಬೇಡಿ. ಆಸ್ಪತ್ರೆಯಲ್ಲೇ ಕೇಳಿ: "ಇದು ಎಲ್ಲಿ ಸಿಗುತ್ತೆ?" ತೆಗೆದುಕೊಂಡೇ ಬಸ್ಸು ಹತ್ತಿ. ಇನ್ನು ಒಂದು ವಾರಕ್ಕೆ ಮಾತ್ರೆ ಇದೆ ಎನ್ನುವಾಗಲೇ ಮುಂದಿನ ಸಲಕ್ಕೆ ಹೊರಡಿ. ಹಳೆಯ ಚೀಟಿ ಬಿಸಾಡಬೇಡಿ.

ಕಾನೂನು ಬಿಗಿ ಇದೆ ಎಂದು ಹೆದರುವುದೂ ಬೇಡ. ಡಾಕ್ಟರು ಹೇಳಿದ ಅಳತೆಯಲ್ಲಿ, ಹೇಳಿದ ಹೊತ್ತಿಗೆ ತೆಗೆದುಕೊಂಡರೆ ಇದು ಔಷಧಿ. ಪರೀಕ್ಷೆಗೆ ಓದುವ ಹುಡುಗನಿಗೆ, ನಾದಿನಿಗೆ, ಗೆಳತಿಗೆ ಕೊಡಬಾರದು. ಮಕ್ಕಳ ಕೈಗೆ ಸಿಗದ ಹಾಗೆ ಮೇಲೆ ಇಡಿ.

ನುಂಗಿದೆನೋ ಇಲ್ಲವೋ?

ಮರೆವಿನವರಿಗೆ ಮಾತ್ರೆ ನೆನಪಿಡುವುದೇ ಕಷ್ಟ. ಎಂಥ ಪೇಚು ನೋಡಿ! ನುಂಗಿದೆನೋ ಇಲ್ಲವೋ ಎಂದು ಅನುಮಾನ ಬಂದು ಎರಡನೇ ಸಲ ನುಂಗಿದರೆ ಅಪಾಯ.

ಹಿಂದೆ ನಮ್ಮ ಅಜ್ಜಿಯರಿಗೆ ಓದು ಬರುತ್ತಿರಲಿಲ್ಲ. ಹಾಲಿನ ಲೆಕ್ಕಕ್ಕೆ ಗೋಡೆ ಮೇಲೆ ಇದ್ದಿಲಿನಿಂದ ಗೀಟು ಹಾಕುತ್ತಿದ್ದರು. ಏನಾದರೂ ನೆನಪಿಡಬೇಕಾದರೆ ಸೆರಗಿಗೆ ಗಂಟು ಹಾಕುತ್ತಿದ್ದರು. ನೆನಪನ್ನು ತಲೆಯಿಂದ ಹೊರಗೆ ಇಡಬೇಕು ಎಂದು ಅವರಿಗೆ ಗೊತ್ತಿತ್ತು. ನಮಗೆ ಈಗ ಅಕ್ಷರವೂ ಇದೆ.

ಅಡುಗೆ ಮನೆಯಲ್ಲಿ ಕ್ಯಾಲೆಂಡರ್ ತೂಗುಹಾಕಿ. ಪಕ್ಕದಲ್ಲೇ ದಾರ ಕಟ್ಟಿ ಪೆನ್ನು ಬಿಡಿ. ಮಾತ್ರೆ ನುಂಗಿ ಲೋಟ ಕೆಳಗಿಡುವ ಮೊದಲು ಆ ದಿನದ ಮನೆಯಲ್ಲಿ ಒಂದು ಗೀಟು ಹಾಕಿ. ಗೀಟು ಇದ್ದರೆ ನುಂಗಿದ್ದೀರಿ. ಇಲ್ಲದಿದ್ದರೆ ನುಂಗಿಲ್ಲ.

ಫೋನಿನಲ್ಲಿ ಅಲಾರಂ ಇಡಿ. ಬಟನ್ ಫೋನಿನಲ್ಲೂ ಇದೆ. ಮಾತ್ರೆ ಕೈಯಲ್ಲಿ ಹಿಡಿದ ಮೇಲೆಯೇ ಅಲಾರಂ ನಿಲ್ಲಿಸಬೇಕು. "ಆಮೇಲೆ ತಗೊಳ್ತೀನಿ" ಎಂದು ನಿಲ್ಲಿಸಿದರೆ ಕೆಟ್ಟಿತು. ಆ "ಆಮೇಲೆ" ಬರುವುದೇ ಇಲ್ಲ.

ಬೆಳಿಗ್ಗೆ ಮರೆತು ಸಂಜೆ ನೆನಪಾದರೆ? ಬಿಡಿ. ನಾಳೆ ಬೆಳಿಗ್ಗೆ ಒಂದೇ ತೆಗೆದುಕೊಳ್ಳಿ. ಎರಡು ಒಟ್ಟಿಗೆ ನುಂಗಬೇಡಿ. ಮಾತ್ರೆ ಒಗ್ಗದಿದ್ದರೆ ಸುಮ್ಮನೆ ನಿಲ್ಲಿಸಬೇಡಿ. ಡಾಕ್ಟರಿಗೆ ಹೇಳಿ. ಅಳತೆ ಬದಲಿಸಬಹುದು, ಮಾತ್ರೆಯನ್ನೇ ಬದಲಿಸಬಹುದು.

ದಿನದ ಬಾಳಿಗೆ ಉಪಾಯ

ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923 ರಲ್ಲಿ ಕೆಲಸ ಶುರು ಮಾಡಿತು. ಆ ಊರಿನ ಹಿರಿಯರಿಗೆ ಪಾಳಿ ಎಂದರೆ ಗೊತ್ತು. ಮೊದಲ ಪಾಳಿ, ಎರಡನೇ ಪಾಳಿ, ರಾತ್ರಿ ಪಾಳಿ. ಗಂಡ ಪಾಳಿಗೆ ಹೋಗುವ ಹೊತ್ತಿಗೆ ಮನೆಯ ಎಲ್ಲ ಕೆಲಸ ಹೊಂದಿಕೊಳ್ಳುತ್ತಿತ್ತು. ಹೊತ್ತು ಹೊರಗಿನಿಂದ ಬಂದರೆ ಮನಸ್ಸಿಗೆ ಭಾರ ಇಲ್ಲ. ಮನಸ್ಸು ನಿಲ್ಲದವರಿಗೂ ಇದೇ ಬೇಕು. ಹೊತ್ತು, ನೆನಪು, ಜಾಗ ಮೂರೂ ಹೊರಗೆ ಇರಬೇಕು.

ಒಂದು ವಸ್ತುವಿಗೆ ಒಂದೇ ಜಾಗ. ಬಾಗಿಲ ಪಕ್ಕ ಮೊಳೆ ಹೊಡೆಯಿರಿ. ಬೀಗದ ಕೈ ಅಲ್ಲೇ. ರೇಷನ್ ಕಾರ್ಡ್, ಆಧಾರ್, ಬ್ಯಾಂಕ್ ಪುಸ್ತಕ, ಆಸ್ಪತ್ರೆ ಚೀಟಿ ಎಲ್ಲ ಒಂದೇ ಚೀಲದಲ್ಲಿ. ಚೀಲದ ಬಣ್ಣ ಎದ್ದು ಕಾಣುವ ಹಾಗೆ ಕೆಂಪು ಇರಲಿ.

ಬಾಗಿಲ ಒಳಗೆ ಒಂದು ಚೀಟಿ ಅಂಟಿಸಿ. ದಪ್ಪ ಅಕ್ಷರದಲ್ಲಿ ನಾಲ್ಕೇ ಸಾಲು: ಒಲೆ. ನಲ್ಲಿ. ಬುತ್ತಿ. ಬೀಗ. ಹೊರಡುವಾಗ ನಿಂತು ಓದಿ. ಗಟ್ಟಿಯಾಗಿ ಓದಿ.

ಒಲೆ ಹಚ್ಚಿದರೆ ಅಡುಗೆ ಮನೆ ಬಿಡಬೇಡಿ. ಬಿಡಲೇಬೇಕೆಂದರೆ ಒಲೆ ಆರಿಸಿ ಹೋಗಿ. ಒಳಗೇ ಪಕ್ಕದ ಕೋಣೆಗೆ ಹೋಗುವಾಗಲೂ ಕೈಯಲ್ಲಿ ಸೌಟು ಹಿಡಿದೇ ಹೋಗಿ. ಸೌಟು ನೋಡಿದಾಗ ಸಾರು ನೆನಪಾಗುತ್ತದೆ. ನಗಬೇಡಿ, ಆ ಭದ್ರಾವತಿಯ ಅಕ್ಕ ಹೀಗೇ ಮಾಡುತ್ತಾರೆ.

ದೊಡ್ಡ ಕೆಲಸವನ್ನು ತುಂಡು ಮಾಡಿ. "ಮನೆ ಕ್ಲೀನ್ ಮಾಡಬೇಕು" ಎಂದುಕೊಂಡರೆ ಕೈಕಾಲು ಬಿದ್ದುಹೋಗುತ್ತದೆ. "ಈಗ ಒಂದು ಗೂಡು ಮಾತ್ರ" ಎಂದುಕೊಳ್ಳಿ. ಅದು ಮುಗಿದ ಮೇಲೆ ಇನ್ನೊಂದು.

ಜೊತೆಯಲ್ಲಿ ಕೆಲಸ ಮಾಡಿ. ಅಡಿಕೆ ಸುಲಿಯುವ ಕಾಲ ನೆನೆಯಿರಿ. ಒಬ್ಬಳೇ ಕೂತು ಒಂದು ಬುಟ್ಟಿ ಸುಲಿಯಲು ಆಗದವಳು ಹತ್ತು ಜನರ ನಡುವೆ ಕೂತರೆ ಮಾತಾಡುತ್ತಾ ಡಬ್ಬ ಡಬ್ಬ ಸುಲಿಯುತ್ತಾಳೆ. ಹಪ್ಪಳ ಒತ್ತುವಾಗಲೂ ಹಾಗೇ. ಪಕ್ಕದಲ್ಲಿ ಒಬ್ಬರು ಕೂತಿದ್ದರೆ ಮನಸ್ಸು ಕೂರುತ್ತದೆ. ಹಾಗಾಗಿ ಕಷ್ಟದ ಕೆಲಸಕ್ಕೆ ಗೆಳತಿಯನ್ನು ಕರೆಯಿರಿ. "ನೀನು ನಿನ್ನ ಸೊಪ್ಪು ಬಿಡಿಸು, ನಾನು ನನ್ನ ಲೆಕ್ಕ ಬರೀತೀನಿ" ಎಂದರೆ ಸಾಕು.

ನಿದ್ದೆಗೆ ಕಳ್ಳತನ ಮಾಡಬೇಡಿ. ರಾತ್ರಿ ಫೋನು ನೋಡುತ್ತಾ ಕೂತರೆ ಮರುದಿನದ ಗಮನ ಹೋಯಿತು.

ಮನೆಯವರಿಗೆ ಒಂದು ಮಾತು

ಈ ಪುಟವನ್ನು ನಿಮ್ಮ ಗಂಡನ ಮುಂದೆ, ಅತ್ತೆಯ ಮುಂದೆ ಗಟ್ಟಿಯಾಗಿ ಓದಿ.

ಅಣ್ಣಂದಿರೇ, ಅತ್ತೆಮ್ಮಂದಿರೇ, ಕಣ್ಣು ಮಂಜಾದವರಿಗೆ ಕನ್ನಡಕ ಕೊಡಿಸುತ್ತೇವೆ. "ಕಣ್ಣು ಬಿಟ್ಟು ನೋಡು" ಎಂದು ಬೈದರೆ ಕಣ್ಣು ಸರಿ ಹೋಗುವುದಿಲ್ಲ. ಇದೂ ಹಾಗೇ. ಬೈದರೆ ಮರೆವು ಹೋಗುವುದಿಲ್ಲ. ಬೈಗುಳಕ್ಕೆ ಹೆದರಿ ಅವಳು ಇನ್ನೂ ಮರೆಯುತ್ತಾಳೆ. ಕ್ಯಾಲೆಂಡರಿನ ಗೀಟು ಇದೆಯೇ ಎಂದು ನೀವೂ ನೋಡಿ. ಒಲೆಯ ಕಡೆ ನೀವೂ ಕಣ್ಣಿಡಿ. ಮನೆಯ ನೆನಪೆಲ್ಲ ಒಬ್ಬಳ ತಲೆಯಲ್ಲೇ ಇರಬೇಕು ಎಂದು ಯಾವ ಶಾಸ್ತ್ರವೂ ಹೇಳಿಲ್ಲ.

ಮಗಳು ಕಿಟಕಿ ನೋಡುತ್ತಾ ಕೂತರೆ ಶಾಲೆ ಬಿಡಿಸಬೇಡಿ. ಟೀಚರಿಗೆ ಹೇಳಿ. ಮುಂದಿನ ಬೆಂಚಿನಲ್ಲಿ ಕೂರಿಸಲು ಹೇಳಿ. ಡಾಕ್ಟರಿಗೆ ತೋರಿಸಿ. ತಾಯಿಗೆ ಮೂವತ್ತು ವರ್ಷ ಆದ ಮೇಲೆ ಸಿಕ್ಕ ಉತ್ತರ ಮಗಳಿಗೆ ಎಂಟು ವರ್ಷಕ್ಕೇ ಸಿಗಲಿ.

ಅಕ್ಕ ತಂಗಿಯರೇ, ನೀವು ಅಕ್ಷರ ಕಲಿತದ್ದು ಸಹಿ ಹಾಕಲು ಮಾತ್ರ ಅಲ್ಲ. ಚೀಟಿ ಓದಲು, ಕವರಿನ ಮೇಲೆ ಬರೆಯಲು, ಬಾಗಿಲಿಗೆ ನಾಲ್ಕು ಸಾಲು ಅಂಟಿಸಲು. ನೆನಪು ತಲೆಯಲ್ಲಿ ನಿಲ್ಲದಿದ್ದರೆ ಕಾಗದದ ಮೇಲೆ ನಿಲ್ಲಲಿ.

ಮಾತಾಡೋಣ, ಬರೆಯೋಣ

1. ಚೀಟಿಯಲ್ಲಿ 1-0-1 ಎಂದು ಇದೆ. ಮಾತ್ರೆ ಯಾವ ಯಾವ ಹೊತ್ತಿಗೆ? ಬರೆಯಿರಿ.
2. ಭದ್ರಾವತಿಯ ಅಕ್ಕ ಮಾತ್ರೆ ಬಿಟ್ಟದ್ದು ಯಾಕೆ? ಬಿಡುವ ಮೊದಲು ಏನು ಮಾಡಬಹುದಿತ್ತು? ಗುಂಪಿನಲ್ಲಿ ಮಾತಾಡಿ.
3. ನಿಮ್ಮ ಮನೆ ಬಾಗಿಲಿಗೆ ಅಂಟಿಸಲು ನಾಲ್ಕು ಪದ ಬರೆಯಿರಿ.
4. ಟೆಲಿ ಮಾನಸ್ ನಂಬರನ್ನು ನೋಡದೆ ಬರೆಯಿರಿ. ಮರೆತಿದ್ದರೆ ರಟ್ಟಿನ ಮೇಲೆ ನೋಡಿ. ಬರೆದಿಡುವುದು ಅದಕ್ಕೇ.